ತಾಯಂದಿರ ನಿದ್ರೆಯ ವಿಷಯವಾಗಿ ಎರಡು ಮಾತು

ಸ್ತ್ರೀಯು ಗೊರಕೆ ಹೊಡೆಯುವಳೆಂದರೆ ನಮ್ಮ ಮನೆಗಳಲ್ಲಿ ಅದು ನಗೆಯ ಮಾತು, ಇಲ್ಲವೆ ನಾಚಿಕೆಯ ಮಾತು. ಆಕೆ ಹಗಲಲ್ಲಿ ತೂಕಡಿಸಿದರೆ ಸೋಮಾರಿತನವೆಂದೂ, ಬೆಳಗ್ಗೆ ತಲೆನೋವೆಂದರೆ ಮನೆಗೆಲಸದ ಫಲವೆಂದೂ ಹೇಳಿ ಸುಮ್ಮನಾಗುವುದು ರೂಢಿ. ಈ ರೂಢಿಯನ್ನು ಬಿಡತಕ್ಕದ್ದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ನಿದ್ರೆಯಲ್ಲಿ ಗಂಟಲಿನ ಮಾಂಸಖಂಡಗಳು ಸಡಿಲಗೊಂಡು ಶ್ವಾಸಮಾರ್ಗವನ್ನು ಮುಚ್ಚುವುದುಂಟು. ಆಗ ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಂತು, ರಕ್ತದಲ್ಲಿ ಆಮ್ಲಜನಕವು ಇಳಿದು, ಮಲಗಿದವರು ಅರೆಯೆಚ್ಚರಗೊಂಡು ಮತ್ತೆ ಉಸಿರೆಳೆಯುವರು. ಇದನ್ನು ವೈದ್ಯರು ಸ್ಲೀಪ್ ಆಪ್ನಿಯ ಎನ್ನುವರು. ಹೀಗೆ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಗಂಟೆಗೆ 30 ಸಲವೋ ಅದಕ್ಕೂ ಹೆಚ್ಚೋ ಆದರೆ ರೋಗವು ತೀವ್ರವಾದದ್ದೆಂದು ಲೆಕ್ಕ. ಪ್ರತಿಸಲವೂ ರಕ್ತದ ಒತ್ತಡವು ಏರಿ ಹೃದಯಕ್ಕೆ ಶ್ರಮವಾಗುವುದು. ರಾತ್ರಿ ವಿಶ್ರಮಿಸಬೇಕಾದ ಹೃದಯವು ಹೀಗೆ ವರ್ಷಗಟ್ಟಲೆ ದಣಿದರೆ ಕೇಡು ತಪ್ಪೀತೇ?

ಇದು ಗಂಡಸರ ರೋಗವೆಂಬ ಭಾವನೆಯುಂಟು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ 30ರಿಂದ 60 ವಯಸ್ಸಿನ ಉದ್ಯೋಗಸ್ಥರನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನಿದ್ರೆಯ ಉಸಿರಾಟದ ತೊಂದರೆಯು ನೂರಕ್ಕೆ 24 ಪುರುಷರಲ್ಲಿಯೂ 9 ಸ್ತ್ರೀಯರಲ್ಲಿಯೂ ಕಂಡುಬಂದಿತು. ಮುಟ್ಟು ನಿಂತ ಮೇಲೆ ಸ್ತ್ರೀಯರಿಗೆ ಇದರ ಭಯವು ಹೆಚ್ಚು. ಸ್ತ್ರೀಯರು ಅನೇಕ ಸಲ ಗೊರಕೆಯನ್ನು ಹೇಳದೆ ಆಯಾಸವನ್ನೂ ನಿದ್ರಾಭಂಗವನ್ನೂ ಮಾತ್ರ ಹೇಳುವುದರಿಂದ ವೈದ್ಯರಿಗೂ ರೋಗವು ತಿಳಿಯದೆ ಹೋಗುವುದು.

ಚಿಕಿತ್ಸೆಯುಂಟು. ಮೂಗಿನ ಮುಸುಕಿನ ಮೂಲಕ ಗಾಳಿಯನ್ನು ಒತ್ತಿ ಗಂಟಲು ಮುಚ್ಚದಂತೆ ಕಾಯುವ ಸಿಪ್ಯಾಪ್ ಎಂಬ ಯಂತ್ರವನ್ನು ಆಸ್ಟ್ರೇಲಿಯದ ಕಾಲಿನ್ ಸಲಿವನ್ ಎಂಬ ವೈದ್ಯರು 1981ರಲ್ಲಿ ಲೋಕಕ್ಕೆ ತಿಳಿಸಿದರು. ಆದರೂ ಸತ್ಯವನ್ನು ಮರೆಮಾಡಲಾಗದು. ಹೃದ್ರೋಗವೋ ಮೆದುಳಿನ ರಕ್ತನಾಳದ ರೋಗವೋ ಮೊದಲೇ ಇದ್ದ 2,700 ಮಂದಿಯಷ್ಟು ಜನರಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸೇವ್ ಎಂಬ ಪರೀಕ್ಷೆಯಲ್ಲಿ, ಈ ಯಂತ್ರದಿಂದ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಕಡಿಮೆಯಾಗಲಿಲ್ಲ. ಹಗಲಿನ ತೂಕಡಿಕೆಯು ತಗ್ಗಿ ಮನಸ್ಸು ಹಗುರವಾದದ್ದು ಮಾತ್ರ ನಿಜ. ಅವರು ಮುಸುಕನ್ನು ಧರಿಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ಅರ್ಧ ರಾತ್ರಿ ಧರಿಸಿದ್ದರಿಂದ ಪೂರ್ಣ ಫಲವನ್ನು ಅಳೆಯಲು ಬಾರದೆಂದು ನಾವು ತಿಳಿಯುತ್ತೇವೆ. ಹಾಗೆಂದು, ಯಂತ್ರವೊಂದಿದ್ದರೆ ಹೃದಯಕ್ಕೆ ಅಪಾಯವಿಲ್ಲವೆಂದು ನಂಬಿ ರಕ್ತದೊತ್ತಡದ ಔಷಧವನ್ನು ಬಿಡುವುದು ಅವಿವೇಕ. ದೇಹದ ತೂಕವನ್ನು ಇಳಿಸುವುದು, ನಡೆದಾಡುವುದು, ಹೊಗೆಸೊಪ್ಪನ್ನೂ ಮದ್ಯವನ್ನೂ ತೊರೆಯುವುದು ಇವೂ ಚಿಕಿತ್ಸೆಯ ಭಾಗಗಳೇ.

ಆದಕಾರಣ ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಈಗ ನೀವೇ ಮನೆಗಳ ಯಜಮಾನಿಯರು. ಮಕ್ಕಳ ಕೆಮ್ಮಿಗೂ ಅತ್ತೆಯವರ ಮಂಡಿನೋವಿಗೂ ವೈದ್ಯರ ಬಳಿಗೆ ಹೋಗುವ ನೀವು ನಿಮ್ಮ ಆಯಾಸವನ್ನು ಮಾತ್ರ ಹಣೆಬರಹವೆಂದು ಸಹಿಸಬೇಡಿರಿ. ಪೋಷಕರೇ, ರಾತ್ರಿ ಉಸಿರು ನಿಲ್ಲುವುದು ಮಲಗಿದವರಿಗೆ ತಿಳಿಯದು; ಪಕ್ಕದಲ್ಲಿರುವವರಿಗೆ ತಿಳಿಯುವುದು. ಕಂಡದ್ದನ್ನು ಹಾಸ್ಯ ಮಾಡದೆ ವೈದ್ಯರಿಗೆ ತಿಳಿಸಿ, ನಿದ್ರೆಯ ಪರೀಕ್ಷೆ ಮಾಡಿಸಿರಿ. ಮುಸುಕು ಧರಿಸಲು ಹೇಳಿದರೆ ಮನೆಮಂದಿ ನಗದಿರಲಿ, ಧರಿಸುವವಳು ನಾಚದಿರಲಿ.

ದೇವರು ನಮ್ಮ ವಶಕ್ಕೆ ಒಪ್ಪಿಸಿದ ಶರೀರವನ್ನು ಜೋಪಾನ ಮಾಡುವುದು ಕರ್ತವ್ಯವೆಂದು ಈ ಶಾಲೆಯಲ್ಲಿ ಕಲಿಸುತ್ತ ಬಂದಿದ್ದೇವೆ. ಆ ಪಾಠವು ತಾಯಂದಿರಿಗೂ ಸಲ್ಲುವುದು.