ಆಪ್ಷನ್ ಅಂತಿಮವಾಗುವ ಮುನ್ನ ಕಾಲೇಜು ನೋಡಿ ಬನ್ನಿ

ಸಿಇಟಿ ರ‍್ಯಾಂಕ್ ಬಂದೊಡನೆ ಮನೆಮನೆಯಲ್ಲೂ ಕಳೆದ ವರ್ಷದ ಕಟ್‌ಆಫ್ ಪಟ್ಟಿಯದೇ ಮಾತು. ಯಾವ ಎಂಜಿನಿಯರಿಂಗ್ ಕಾಲೇಜು ಸಿಗಬಹುದು ಎಂಬುದನ್ನು ಆ ಪಟ್ಟಿ ಅಂದಾಜಿಗೆ ಹೇಳೀತು; ನಮ್ಮ ಮಗುವಿಗೆ ಯಾವುದು ಒಗ್ಗುತ್ತದೆ ಎಂಬುದನ್ನು ಹೇಳದು. ಗುಣಮಟ್ಟದ ಮಾತಿಗೆ ಬಂದರೆ, ನ್ಯಾಕ್ ಮಾನ್ಯತೆ ಇಡೀ ಸಂಸ್ಥೆಗೆ ಸಿಗುವಂಥದ್ದು; ಎನ್‌ಬಿಎ ಮಾನ್ಯತೆ ಒಂದೊಂದು ಕೋರ್ಸಿಗೆ ಪ್ರತ್ಯೇಕ. ನೀವು ಸೇರಬಯಸುವ ವಿಭಾಗಕ್ಕೆ ಅದು ಇದೆಯೇ, ಅವಧಿ ಮುಗಿದಿದೆಯೇ ಎಂದು ಕೇಳಲೇಬೇಕು. ಪ್ಲೇಸ್‌ಮೆಂಟ್ ಜಾಹೀರಾತಿನ ಅತಿ ದೊಡ್ಡ ಸಂಬಳ ಒಬ್ಬಿಬ್ಬರದು. ಆ ವಿಭಾಗದಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬುದೇ ತಿಳಿಯಬೇಕಾದ ಸಂಗತಿ.

ಮಿಕ್ಕದ್ದನ್ನು ಅಲ್ಲಿ ಓದುತ್ತಿರುವವರೇ ಹೇಳಬೇಕು. ಲ್ಯಾಬಿನ ಯಂತ್ರಗಳನ್ನು ಮಕ್ಕಳ ಕೈಗೆ ಕೊಡುತ್ತಾರೆಯೇ, ಅಧ್ಯಾಪಕರು ವರ್ಷದ ನಡುವೆ ಬಿಟ್ಟುಹೋಗುತ್ತಾರೆಯೇ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಆಸರೆ ಇದೆಯೇ? ಹಳ್ಳಿಯಿಂದ ಬಂದ ಎಷ್ಟೋ ಜಾಣ ಮಕ್ಕಳು ಸೊರಗುವುದು ಈ ಆಸರೆ ಇಲ್ಲದ ಕಾರಣಕ್ಕೇ. ಹಾಸ್ಟೆಲ್, ಬಸ್ಸಿನ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಣಕು ಸೀಟು ಹಂಚಿಕೆಯ ಬಳಿಕ ಆಯ್ಕೆಗಳ ಕ್ರಮ ಬದಲಿಸಲು ಪರೀಕ್ಷಾ ಪ್ರಾಧಿಕಾರ ಅವಕಾಶ ಕೊಡುತ್ತದೆ. ಪೋಷಕರೇ, ಅಷ್ಟರೊಳಗೆ ಮಗುವನ್ನು ಕರೆದುಕೊಂಡು ಹೋಗಿ ಕಾಲೇಜು ನೋಡಿ ಬನ್ನಿ. ಮೊದಲ ಆಯ್ಕೆ ಯಾವುದೆಂದು ಮಗುವೇ ಹೇಳಲಿ.