ಮೊದಲು ತೂಕ ನೋಡಿ
ಹವ್ಯಾಸಕ್ಕೆ ಮರ ಕಡೆಯಲು ಸಣ್ಣ ಲೇತ್ ಕೊಳ್ಳಲು ಹೊರಟ ಪರಿಚಯದ ಹುಡುಗನೊಬ್ಬ ಈ ವಾರ ಎರಡು ಮಾದರಿಗಳ ಚಿತ್ರ ತೋರಿಸಿದ. ಅವನು ಹೋಲಿಸಿದ್ದು ಮೋಟರಿನ ಹಾರ್ಸ್‌ಪವರ್ ಮಾತ್ರ. ನಾನು ಕೇಳಿದ್ದು ಬೇರೆಯದೇ: ಯಂತ್ರದ ತೂಕವೆಷ್ಟು, ಅದು ಎಷ್ಟು ನಿಧಾನವಾಗಿ ತಿರುಗಬಲ್ಲದು? ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ವೇಗವೇ ಬಂಡವಾಳ. ಭರ್ರನೆ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ. ಬಟ್ಟಲು ಕಡೆಯುವವರಿಗೆ ಲೆಕ್ಕ ತಿರುಗುಮುರುಗು. ಮರದ ಅಡ್ಡಳತೆಯ ಇಂಚನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6,000ದಿಂದ 9,000ದೊಳಗೆ ಬರಬೇಕೆಂಬುದು ಈ ಕಸುಬಿನಲ್ಲಿ ರೂಢಿಯ ಲೆಕ್ಕ. 2 ಇಂಚಿನ ಬುಗುರಿಗೆ 3,000 ಸುತ್ತು ಸರಿ; 10 ಇಂಚಿನ ತುಂಡಿಗೆ 600 ಸಾಕು, ಅದಿನ್ನೂ ಓರೆಕೋರೆಯಾಗಿದ್ದರೆ ಮತ್ತಷ್ಟು ಕಡಿಮೆ. ಹಗುರ ಯಂತ್ರಕ್ಕೆ ಅಂಥ ತುಂಡು ಕಟ್ಟಿದರೆ ಮೇಜೇ ಅದುರುತ್ತದೆ, ಉಳಿ ಕಚ್ಚಿಕೊಳ್ಳುತ್ತದೆ, ಮರ ಕಿತ್ತು ಮುಖಕ್ಕೇ ಹಾರಬಹುದು. ಆದ್ದರಿಂದ ಎರಕದ ಕಬ್ಬಿಣದ ಭಾರವಾದ ಒಡಲು, 500 ಸುತ್ತಿಗೂ ಕೆಳಗೆ ಇಳಿಯುವ ವೇಗ, ಇವೆರಡಕ್ಕೆ ಮೊದಲು ದುಡ್ಡು ಹಾಕಿ. ಹಾರ್ಸ್‌ಪವರಿನಲ್ಲಿ ಉಳಿಸಿದ್ದನ್ನು ಒಳ್ಳೆಯ ಉಳಿಗೆ, ಸಾಣೆಗೆ, ಮುಖಕವಚಕ್ಕೆ ಖರ್ಚು ಮಾಡಿ.