ಜಾತ್ರೆ ಆರ್ಕೆಸ್ಟ್ರಾಕ್ಕೆ ಕಂಪನಿ ಬಾಕ್ಸೇ ಬೇಕಾ?

ಜಾತ್ರೆ ಹತ್ತಿರ ಬಂತು ಅಂದರೆ ಕಮಿಟಿಯವರ ಬಾಯಲ್ಲಿ ಈಗ ಒಂದೇ ಮಾತು: "ಆರ್ಕೆಸ್ಟ್ರಾ ಕರೆಸ್ತಿದೀವಿ, ಲೋಕಲ್ ಬಾಕ್ಸ್ ಬೇಡ, ಕಂಪನಿ ಸೆಟ್ಟೇ ಬೇಕು." ಮದುವೆ, ತೇರು, ನಾಟಕ ಎಲ್ಲಕ್ಕೂ ವರ್ಷಗಟ್ಟಲೆ ಮೈಕ್ ಕಟ್ಟಿದ ಊರಿನವನನ್ನು ಬಿಟ್ಟು, ಜಿಲ್ಲಾ ಕೇಂದ್ರದಿಂದ ಲಾರಿ ತುಂಬ ಬಾಕ್ಸ್ ತರಿಸುತ್ತಾರೆ. ಮನೆಮನೆ ತಿರುಗಿ ಎತ್ತಿದ ಚಂದಾ ದುಡ್ಡಿನಲ್ಲಿ ದೊಡ್ಡ ಪಾಲು ಆ ಲಾರಿ ಹತ್ತಿ ಹೋಗುತ್ತದೆ.

ಈ ಹಠಕ್ಕೆ ಅರ್ಥವಿಲ್ಲ. ಕೆಳಗಿಡುವ ಬೇಸ್ ಬಾಕ್ಸನ್ನು ಊರಿನ ಬಡಗಿ ಲೆಕ್ಕ ಹಿಡಿದು ಮಾಡಿದರೆ ಅದು ಕಂಪನಿ ಬಾಕ್ಸಿಗೆ ಸಮನಾಗಿ ನಿಲ್ಲುತ್ತದೆ. ಮೇಲಿಡುವ ಟಾಪ್ ಮಾತ್ರ ಕಂಪನಿಯದ್ದೇ ಇರಲಿ. ಈ ಎರಡನ್ನು ಬೇರೆ ಮಾಡಿ ನೋಡದೆ "ಎಲ್ಲಾ ಕಂಪನಿಯದ್ದೇ ಬೇಕು" ಎನ್ನುವ ಕಮಿಟಿಯವರೂ, "ಎಲ್ಲಾ ನಾನೇ ಮಾಡ್ತೀನಿ" ಎನ್ನುವ ಮೈಕ್‌ಸೆಟ್‌ನವರೂ ಸೇರಿ ಊರಿನ ದುಡ್ಡು ಹಾಳು ಮಾಡುತ್ತಿದ್ದಾರೆ.

ಬೇಸ್ ಬಾಕ್ಸಿನೊಳಗೆ ಏನಿರುತ್ತದೆ? 18 ಇಂಚಿನ ಒಂದು ಸ್ಪೀಕರ್, ಅದಕ್ಕೊಂದು ಪ್ಲೈವುಡ್ ಪೆಟ್ಟಿಗೆ, ಗಾಳಿ ಆಡಲು ಒಂದು ಕಿಂಡಿ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಗುಂ ಎನ್ನುತ್ತದಲ್ಲ, ಈ ಪೆಟ್ಟಿಗೆ ಕೆಲಸ ಮಾಡುವುದೂ ಹಾಗೇ. ಪೆಟ್ಟಿಗೆಯೊಳಗೆ ಎಷ್ಟು ಲೀಟರ್ ಗಾಳಿ ಇರಬೇಕು, ಕಿಂಡಿ ಎಷ್ಟು ಅಗಲ, ಎಷ್ಟು ಉದ್ದ ಇರಬೇಕು ಎಂಬುದಕ್ಕೆ ಲೆಕ್ಕವಿದೆ. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಆ ಲೆಕ್ಕ ಕೊಟ್ಟರು. 1970ರ ದಶಕದ ಮೊದಲ ವರ್ಷಗಳಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದರು. ಕಂಪನಿಯವರು ಬಳಸುವುದೂ ಅದೇ ಲೆಕ್ಕ. ಒಳ್ಳೆಯ ಸ್ಪೀಕರ್ ತಯಾರಿಸುವವರು ತಮ್ಮ ಡೇಟಾ ಶೀಟಿನಲ್ಲಿ ಅದಕ್ಕೆ ಬೇಕಾದ ಅಂಕಿಗಳನ್ನು ಕೊಟ್ಟಿರುತ್ತಾರೆ. ಅವನ್ನು ಹಾಕಿದರೆ ಪೆಟ್ಟಿಗೆಯ ಅಳತೆ ಹೇಳುವ ಸಾಫ್ಟ್‌ವೇರ್ ಕಂಪ್ಯೂಟರಿಗೆ ಪುಕ್ಕಟೆ ಸಿಗುತ್ತದೆ.

ಇನ್ನು ಮರದ ಕೆಲಸ. 18 ಎಂಎಂ ದಪ್ಪದ, ಐಎಸ್ 710 ಗುರುತಿರುವ ಮರೈನ್ ಪ್ಲೈ ತಂದು, ಅಂಟು ಹಾಕಿ, ಸ್ಕ್ರೂ ಬಿಗಿದು, ಪಕ್ಕದ ಹಲಗೆ ನಡುಗದಂತೆ ಒಳಗೆ ಅಡ್ಡಪಟ್ಟಿ ಕೊಟ್ಟರೆ ಪೆಟ್ಟಿಗೆ ಗಟ್ಟಿಯಾಗುತ್ತದೆ. ಬಾಗಿಲು ಚೌಕಟ್ಟು ಕೂರಿಸಬಲ್ಲ ಬಡಗಿಗೆ ಇದು ಕಷ್ಟದ ಕೆಲಸವಲ್ಲ. ಎಂಡಿಎಫ್ ಹಲಗೆ ಮಾತ್ರ ಬೇಡ. ಒಂದು ಮಳೆಗೆ ಅದು ಊದಿಕೊಳ್ಳುತ್ತದೆ.

ಹಾಗಾದರೆ ಟಾಪ್ ಯಾಕೆ ಊರಲ್ಲಿ ಮಾಡಬಾರದು? ಇದಕ್ಕೂ ಲೆಕ್ಕವೇ ಉತ್ತರ. ಬೇಸ್ ಎಂದರೆ ಸುಮಾರು 50 ಹರ್ಟ್ಜ್. ಗಾಳಿಯಲ್ಲಿ ಅದರ ಒಂದು ಅಲೆ ಸುಮಾರು 7 ಮೀಟರ್ ಉದ್ದ. ಬಡಗಿಯ ಕೈ ಅರ್ಧ ಇಂಚು ತಪ್ಪಿದರೂ ಆ ಅಲೆಗೆ ಗೊತ್ತಾಗುವುದಿಲ್ಲ. ಹಾಡುವವರ ಮಾತು ಸ್ಪಷ್ಟವಾಗಿ ಕೇಳಿಸುವುದು ಮೇಲಿನ ಸ್ವರಗಳಲ್ಲಿ. 3,000 ಹರ್ಟ್ಜ್‌ನಲ್ಲಿ ಅಲೆಯ ಉದ್ದ ಸುಮಾರು 11 ಸೆಂಟಿಮೀಟರ್, 10,000ದಲ್ಲಿ ಮೂರೂವರೆ ಸೆಂಟಿಮೀಟರ್ ಅಷ್ಟೇ. ಅಲ್ಲಿ ಅರ್ಧ ಇಂಚಿನ ತಪ್ಪು ದೊಡ್ಡ ತಪ್ಪು. ಹಾರ್ನಿನ ಬಾಯಿ ಎಷ್ಟು ಅಗಲಕ್ಕೆ ಶಬ್ದ ಹರಡಬೇಕು, ದೊಡ್ಡ ಸ್ಪೀಕರಿನಿಂದ ಸಣ್ಣ ಡ್ರೈವರಿಗೆ ಹಾಡು ಯಾವ ಸ್ವರದಲ್ಲಿ ದಾಟಬೇಕು ಎಂಬುದನ್ನು ಅಳೆಯುವ ಮೈಕ್ ಇಟ್ಟು ಮತ್ತೆ ಮತ್ತೆ ಪರೀಕ್ಷಿಸಿ ತೀರ್ಮಾನಿಸಬೇಕು. ಕಂಪನಿ ಟಾಪಿಗೆ ನಾವು ದುಡ್ಡು ಕೊಡುವುದು ಆ ಪರೀಕ್ಷೆಗೆ. ಅದು ನ್ಯಾಯವಾದ ದುಡ್ಡು.

ನೋಡಿ ಮಾಡಿದ ಟಾಪ್ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಎದುರಿಗೆ ಕೂತವರಿಗೆ ಕಿವಿಗೆ ಸೂಜಿ ಚುಚ್ಚಿದ ಹಾಗೆ, ಪಕ್ಕದಲ್ಲಿ ಕೂತವರಿಗೆ ಕಂಬಳಿ ಹೊದ್ದು ಹಾಡಿದ ಹಾಗೆ.

ಈಗ ಮೈಕ್‌ಸೆಟ್‌ನವರಿಗೂ ಎರಡು ಮಾತು ಹೇಳಬೇಕು. ಊರಿನ ಬಾಕ್ಸಿಗೆ ಕೆಟ್ಟ ಹೆಸರು ಬಂದಿದ್ದು ಸುಮ್ಮನೆ ಅಲ್ಲ. ಯಾವುದೋ ದೊಡ್ಡ ಸೆಟ್ಟಿನ ಬಾಕ್ಸಿಗೆ ಹೊರಗಿನಿಂದ ಟೇಪ್ ಹಿಡಿದು, ಅದೇ ಅಳತೆಗೆ ಪೆಟ್ಟಿಗೆ ಹೊಡೆಸಿ, ಒಳಗೆ ಅಗ್ಗದ ಬೇರೆ ಸ್ಪೀಕರ್ ಕೂರಿಸಿದರೆ ಏನಾಗುತ್ತದೆ? ಆ ಪೆಟ್ಟಿಗೆಯ ಲೆಕ್ಕ ಆ ಸ್ಪೀಕರಿನದ್ದಲ್ಲ. ಬೇಸ್ ಗಿಟಾರ್ ಯಾವ ಸ್ವರ ನುಡಿಸಿದರೂ ಒಂದೇ ಗುಂಯ್ ಬರುತ್ತದೆ. ಅದರ ಮೇಲೆ ಕಪ್ಪು ಬಣ್ಣ ಬಳಿದು, ಪೇಟೆಯಲ್ಲಿ ಸಿಗುವ ವಿದೇಶಿ ಕಂಪನಿಯ ಹೆಸರಿನ ಪಟ್ಟಿ ಅಂಟಿಸುವುದು ಶುದ್ಧ ಮೋಸ. ನೀವೇ ಮಾಡಿದ ಬಾಕ್ಸಿಗೆ ನಿಮ್ಮ ಹೆಸರು ಹಾಕಿಕೊಳ್ಳಿ. ನಕಲಿ ಪಟ್ಟಿ ಅಂಟಿಸಿದ ದಿನವೇ "ಕಂಪನಿಯದ್ದೇ ಮೇಲು" ಎಂದು ನೀವೇ ಒಪ್ಪಿಕೊಂಡಿರಿ. ಆಮೇಲೆ ಕಮಿಟಿಯವರು ಅಸಲಿ ಕಂಪನಿಯನ್ನೇ ಹುಡುಕಿಕೊಂಡು ಹೋದರೆ ಯಾರನ್ನು ದೂರುತ್ತೀರಿ?

ಎರಡನೆಯದು ವ್ಯಾಟಿನ ಜಂಬ. "ನಂದು ಹತ್ತು ಸಾವಿರ ವ್ಯಾಟ್" ಎನ್ನುತ್ತಾರೆ. ಕ್ಷಣಮಾತ್ರದ ಪೀಕ್ ವ್ಯಾಟೋ, ಗಂಟೆಗಟ್ಟಲೆ ತಾಳುವ ಆರ್‌ಎಂಎಸ್ ವ್ಯಾಟೋ ಎಂದು ಕೇಳಿದರೆ ಉತ್ತರವಿಲ್ಲ. ವ್ಯಾಟ್ ಎಂದರೆ ಸ್ಪೀಕರಿಗೆ ಹಾಕುವ ಮೇವು. ಎಷ್ಟು ಹಾಲು ಕೊಡುತ್ತದೆ ಎನ್ನುವುದು ಬೇರೆ ಲೆಕ್ಕ. ಅದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ: 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಶಬ್ದ ಬರುತ್ತದೆ ಎಂಬ ಅಂಕಿ. ವ್ಯಾಟ್ ಎರಡು ಪಟ್ಟಾದರೆ ಶಬ್ದ ಏರುವುದು 3 ಡೆಸಿಬಲ್ ಮಾತ್ರ. ಹಾಗಾಗಿ 98 ಡೆಸಿಬಲ್ ಸೆನ್ಸಿಟಿವಿಟಿಯ ಬಾಕ್ಸಿಗೆ 500 ವ್ಯಾಟ್ ಕೊಟ್ಟರೆ ಬರುವಷ್ಟು ಶಬ್ದವನ್ನು 92ರ ಬಾಕ್ಸಿನಿಂದ ತೆಗೆಯಲು 2,000 ವ್ಯಾಟ್ ಬೇಕು. ಜನರೇಟರ್ ಡೀಸೆಲ್ ಯಾರ ದುಡ್ಡು?

ಬಯಲಿನಲ್ಲಿ ಗೋಡೆಯಿಲ್ಲ, ಮಾಡಿಲ್ಲ. ದೂರ ಎರಡು ಪಟ್ಟಾದ ಹಾಗೆಲ್ಲ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಬಾಕ್ಸಿನಿಂದ 1 ಮೀಟರಿನಲ್ಲಿ 120 ಇದ್ದರೆ 32 ಮೀಟರಿನಲ್ಲಿ 90. ಹಿಂದೆ ಕೂತವರಿಗೆ ಕೇಳಲಿ ಅಂತ ಜೋರು ಮಾಡಿದರೆ ಮುಂದೆ ಕೂತ ಮಕ್ಕಳ ಕಿವಿ ಹೋಗುತ್ತದೆ. ಕಾರ್ಯಕ್ರಮ ನಡೆಯುವ ಜಾಗಗಳಲ್ಲಿ 15 ನಿಮಿಷದ ಸರಾಸರಿ 100 ಡೆಸಿಬಲ್ ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ.

ಇದಕ್ಕೆ ಪರಿಹಾರ ಬಾಕ್ಸ್ ಇಡುವ ರೀತಿಯಲ್ಲಿದೆ, ಅದಕ್ಕೆ ನಯಾಪೈಸೆ ಖರ್ಚಿಲ್ಲ. ಬೇಸ್ ಬಾಕ್ಸುಗಳನ್ನು ಸ್ಟೇಜಿನ ಆ ಕಡೆ ಎರಡು, ಈ ಕಡೆ ಎರಡು ಇಡುವ ಬದಲು ನೆಲದ ಮೇಲೆ ಸ್ಟೇಜಿನ ಮುಂದೆ ನಡುವೆ ಒಟ್ಟಿಗೆ ಜೋಡಿಸಿ. ಬೇರೆ ಬೇರೆ ಇಟ್ಟರೆ ಎರಡು ಕಡೆಯ ಅಲೆಗಳು ಕೆಲವು ಕಡೆ ಒಂದನ್ನೊಂದು ನುಂಗುತ್ತವೆ, ಅಲ್ಲಿ ಕೂತವರಿಗೆ ಬೇಸೇ ಸಿಗುವುದಿಲ್ಲ. ಟಾಪುಗಳನ್ನು ಸ್ಟ್ಯಾಂಡಿನ ಮೇಲೆ ಜನರ ತಲೆಗಿಂತ ಎತ್ತರಕ್ಕೆ ಏರಿಸಿ, ಸ್ವಲ್ಪ ಕೆಳಗೆ ಬಾಗಿಸಿ. ಜಾಗ ಉದ್ದವಿದ್ದರೆ ನಡುವೆ ಇನ್ನೆರಡು ಟಾಪ್ ನಿಲ್ಲಿಸಿ, ಅವಕ್ಕೆ ಡಿಲೇ ಕೊಡಿ. ಶಬ್ದ 34 ಮೀಟರ್ ಹೋಗಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟು ತಡೆಯದೆ ಬಿಟ್ಟರೆ ಒಂದೇ ಹಾಡು ಎರಡೆರಡು ಸಲ ಕೇಳುತ್ತದೆ.

ಒಪ್ಪಬೇಕಾದ ಮಾತೂ ಇದೆ. ದೊಡ್ಡ ಉತ್ಸವಕ್ಕೆ ಹತ್ತಾರು ಸಾವಿರ ಜನ ಸೇರುವ ಕಡೆ ಬಾಕ್ಸ್ ಸಾಲನ್ನು ಮೇಲೆ ನೇತುಹಾಕಬೇಕಾಗುತ್ತದೆ. ಅಲ್ಲಿ ಕಂಪನಿ ಸೆಟ್ಟೇ ಬರಲಿ, ಜೊತೆಗೆ ಅದನ್ನು ಬಲ್ಲ ಎಂಜಿನಿಯರ್ ಬರಲಿ. ಊರಲ್ಲಿ ಮಾಡಿದ ಬಾಕ್ಸನ್ನು ಜನರ ತಲೆಯ ಮೇಲೆ ನೇತುಹಾಕಲೇಬೇಡಿ. ಅದರ ಕೊಂಡಿ ಎಷ್ಟು ಭಾರ ತಾಳುತ್ತದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ಆದರೆ ನಮ್ಮ ಶಾಲೆ ಮೈದಾನದಷ್ಟು ಜಾಗಕ್ಕೆ ನೇತಾಡುವ ಸಾಲು ಯಾಕೆ? ಪ್ರತಿ ಕಡೆ ನಾಲ್ಕೇ ನಾಲ್ಕು ಸಣ್ಣ ಬಾಕ್ಸ್ ನೇತುಹಾಕಿ "ಲೈನ್ ಅರೇ" ಎಂದು ಬಾಡಿಗೆ ಏರಿಸುತ್ತಾರೆ. ಅಷ್ಟು ಗಿಡ್ಡ ಸಾಲು ತಗ್ಗಿನ ಸ್ವರಗಳಲ್ಲಿ ಸಾಲಿನ ಕೆಲಸ ಮಾಡುವುದಿಲ್ಲ.

ಕಾನೂನನ್ನೂ ನೆನಪಿಡಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಸರ್ಕಾರ 12 ಗಂಟೆಯವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಸಾರ್ವಜನಿಕ ಜಾಗದ ಗಡಿಯಲ್ಲಿ ಶಬ್ದ ಯಾವ ಕಾರಣಕ್ಕೂ 75 ಡೆಸಿಬಲ್ ದಾಟಬಾರದು. ಪಕ್ಕದ ಊರಿಗೂ ಕೇಳಬೇಕು ಅಂತ ಲಾರಿಗಟ್ಟಲೆ ಬಾಕ್ಸ್ ತರಿಸಿದರೆ ನೀವು ದುಡ್ಡು ಕೊಟ್ಟು ತರಿಸುವುದು ಪೊಲೀಸರನ್ನು.

ಈ ಸಲ ಕಮಿಟಿ ಮೀಟಿಂಗಿನಲ್ಲಿ ಬ್ರ್ಯಾಂಡ್ ಹೆಸರು ಕೇಳುವ ಬದಲು ಮೈಕ್‌ಸೆಟ್‌ನವರಿಗೆ ಇಷ್ಟು ಕೇಳಿ:

ಬೇಸ್ ಬಾಕ್ಸಿನೊಳಗೆ ಯಾವ ಸ್ಪೀಕರ್ ಇದೆ, ಅದರ ಡೇಟಾ ಶೀಟ್ ತೋರಿಸ್ತೀರಾ?
ಪೆಟ್ಟಿಗೆ ಆ ಸ್ಪೀಕರಿನ ಲೆಕ್ಕಕ್ಕೇ ಮಾಡಿದ್ದಾ?
ಟಾಪ್ ಅಸಲಿಯಾ? ಬಿಲ್ ಇದೆಯಾ?
ಆಂಪ್ಲಿಫೈಯರ್ ಮಿತಿ ದಾಟದಂತೆ ಲಿಮಿಟರ್ ಇದೆಯಾ?
ಕಾರ್ಯಕ್ರಮದ ದಿನ ಮಧ್ಯಾಹ್ನವೇ ಬಂದು, ಕೊನೇ ಸಾಲಿನವರೆಗೆ ನಡೆದು ಕೇಳಿ ನೋಡ್ತೀರಾ?

ಐದಕ್ಕೂ ಸರಿಯಾಗಿ ಉತ್ತರ ಕೊಟ್ಟವನು ನಿಮ್ಮೂರಿನವನೇ ಆಗಿದ್ದರೆ ಅವನಿಗೇ ಕೆಲಸ ಕೊಡಿ, ಬಾಡಿಗೆಯಲ್ಲಿ ಚೌಕಾಸಿ ಮಾಡಬೇಡಿ. ಆ ದುಡ್ಡಿನಲ್ಲಿ ಅವನು ಮುಂದಿನ ವರ್ಷ ಒಂದು ಜೊತೆ ಒಳ್ಳೆ ಟಾಪ್ ಕೊಳ್ಳಬಹುದು, ಬಡಗಿಗೂ ನಾಲ್ಕು ದಿನ ಕೆಲಸ ಸಿಗುತ್ತದೆ. ಉತ್ತರ ಕೊಡದವನನ್ನು, ಅವನ ಬಾಕ್ಸಿನ ಮೇಲೆ ಯಾವ ಹೆಸರೇ ಇರಲಿ, ವಾಪಸ್ ಕಳಿಸಿ.